ಸಿಗ್ನಸ್ ಎ ಚಿತ್ರದ ನಡುವೆ ಒಂದು ಚುಕ್ಕೆ ಅಷ್ಟೇ ಇದೆ, ಹಾಗಾದರೆ ಆ ಎರಡು ದೊಡ್ಡ ಮೋಡಗಳು ಏನು?

ಚುಕ್ಕಿ_ನೋಡುಗ

ಎಲ್ಲರಿಗೂ ನಮಸ್ಕಾರ. ರೇಡಿಯೋ ಖಗೋಳದ ಬಗ್ಗೆ ಈಚೆಗೆ ಓದಲು ಶುರು ಮಾಡಿದ್ದೇನೆ. ರೇಡಿಯೋ ಅಲೆಗಳಲ್ಲಿ ತುಂಬಾ ಹೊಳೆಯುವ ಸಿಗ್ನಸ್ ಎ ಅನ್ನುವ ದೂರದ ಗ್ಯಾಲಕ್ಸಿಯ ಹತ್ತಿರ ಬಂದವನು ಮುಂದಕ್ಕೆ ಹೋಗಲು ಮನಸ್ಸಾಗದೆ ಅಲ್ಲೇ ನಿಂತಿದ್ದೇನೆ. ವಿಎಲ್‌ಎ (ಅಮೆರಿಕದ ದೊಡ್ಡ ರೇಡಿಯೋ ಟೆಲಿಸ್ಕೋಪ್ ಸಾಲು) ತೆಗೆದ ಆ ಪ್ರಸಿದ್ಧ ಚಿತ್ರವನ್ನು ನೀವೆಲ್ಲ ನೋಡಿರುತ್ತೀರಿ. ಎಡಕ್ಕೊಂದು, ಬಲಕ್ಕೊಂದು ದೊಡ್ಡ ಮೋಡ. ಎರಡರ ಒಳಗೂ ಏನೋ ಎಳೆ ಎಳೆಯಾಗಿ ಸುತ್ತಿಕೊಂಡಿದೆ. ಎರಡರ ಹೊರತುದಿಯಲ್ಲೂ ತುಂಬಾ ಹೊಳೆಯುವ ಪುಟ್ಟ ಜಾಗಗಳಿವೆ. ಸರಿಯಾಗಿ ನಡುವೆ ಒಂದು ಚುಕ್ಕೆ, ಅದರಿಂದ ಬಲಗಡೆಯ ಮೋಡದ ಕಡೆಗೆ ಒಂದು ತೆಳುವಾದ ಗೆರೆ ನೆಟ್ಟಗೆ ಹೋಗುತ್ತದೆ.

ಕೇಳಬೇಕಾದದ್ದು ಇಷ್ಟು. ಆ ಚುಕ್ಕೆಯೇ ಗ್ಯಾಲಕ್ಸಿನಾ? ಹಾಗಾದರೆ ಮೋಡಗಳು ಅದಕ್ಕಿಂತ ಅಷ್ಟೊಂದು ದೊಡ್ಡದಾಗಿ ಹೊರಗಡೆ ಹೇಗೆ ನಿಂತಿವೆ, ಅವುಗಳಲ್ಲಿ ಇರುವುದಾದರೂ ಏನು? ಗೆರೆ ಬಲಗಡೆ ಮಾತ್ರ ಯಾಕೆ ಕಾಣುತ್ತದೆ, ಎಡಗಡೆ ಮೋಡಕ್ಕೆ ಏನೂ ಹೋಗುತ್ತಿಲ್ಲವಾ?

ಮುಖ್ಯವಾದ ಅನುಮಾನ ಇನ್ನೊಂದು. ನನ್ನ ಸ್ನೇಹಿತನ ಪ್ರಕಾರ ಇದು ಯಾವಾಗಲೋ ಆದ ಒಂದು ದೊಡ್ಡ ಸ್ಫೋಟದ ಉಳಿಕೆ, ಎರಡು ಕಡೆ ಚಿಮ್ಮಿದ್ದು ಈಗ ಸುಮ್ನೆ ಆರುತ್ತಾ ಇದೆ. ನನಗೆ ಯಾಕೋ ಹಾಗೆ ಅನಿಸುತ್ತಿಲ್ಲ. ಆದರೆ ಅಲ್ಲ ಅನ್ನುವುದಕ್ಕೆ ಕಾರಣ ಕೊಡಲು ಬರುತ್ತಿಲ್ಲ. ಚಿತ್ರ ನೋಡಿಯೇ ಇದನ್ನು ತೀರ್ಮಾನ ಮಾಡಬಹುದಾ?

ಅಲೆಯುದ್ದ

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಚಿತ್ರ ನೋಡಿಯೇ ತೀರ್ಮಾನ ಮಾಡಬಹುದು, ಅಲ್ಲಿಗೇ ಬರುತ್ತೇನೆ. ಮೊದಲು ಚುಕ್ಕೆಯ ವಿಷಯ ಮುಗಿಸೋಣ.

ಆ ಚುಕ್ಕೆ ಗ್ಯಾಲಕ್ಸಿ ಅಲ್ಲ. ಗ್ಯಾಲಕ್ಸಿಯ ನಟ್ಟನಡುವಿನ ಒಂದು ಬಿಂದು, ಅಂದರೆ ಕಪ್ಪುರಂಧ್ರದ ಪಕ್ಕದಲ್ಲೇ ಜೆಟ್ (ರಭಸವಾಗಿ ಚಿಮ್ಮುವ ತೆಳು ಧಾರೆ, ನೀವು ನೋಡಿದ ಗೆರೆ) ಹುಟ್ಟುವ ಜಾಗ. ಗ್ಯಾಲಕ್ಸಿ ನಿಮ್ಮ ಚಿತ್ರದಲ್ಲಿ ಕಾಣುವುದೇ ಇಲ್ಲ. ನಕ್ಷತ್ರಗಳು ರೇಡಿಯೋ ಅಲೆಗಳಲ್ಲಿ ತೀರಾ ಮಂಕು. ಅಲ್ಲಿ ಕೋಟಿಗಟ್ಟಲೆ ನಕ್ಷತ್ರಗಳ ಒಂದು ದೈತ್ಯ ಎಲಿಪ್ಟಿಕಲ್ (ಮೊಟ್ಟೆಯಾಕಾರದ) ಗ್ಯಾಲಕ್ಸಿ ಇದ್ದರೂ ವಿಎಲ್‌ಎ ಪಾಲಿಗೆ ಅದು ಹೆಚ್ಚು ಕಡಿಮೆ ಖಾಲಿ ಜಾಗ. ಅದನ್ನು ನೋಡಬೇಕೆಂದರೆ ಮಾಮೂಲಿ ಬೆಳಕಿನ ಚಿತ್ರವನ್ನು ಇದರ ಮೇಲೆ ಇಟ್ಟು ನೋಡಬೇಕು. ಆಗ ಎರಡು ಮೋಡಗಳ ನಡುವೆ ಖಾಲಿ ಕಾಣುತ್ತಿದ್ದ ಜಾಗದಲ್ಲಿ ಗ್ಯಾಲಕ್ಸಿ ಕೂತಿರುತ್ತದೆ. ಚಿತ್ರದ ಬಣ್ಣ ಕೂಡ ನಿಜವಾದ ಬಣ್ಣ ಅಲ್ಲ. ಎಲ್ಲಿ ಸಿಗ್ನಲ್ ಜಾಸ್ತಿ, ಎಲ್ಲಿ ಕಡಿಮೆ ಅಂತ ತೋರಿಸಲು ಹಾಕಿದ್ದು.

ಅಳತೆ ಹೇಳುತ್ತೇನೆ. ಸಿಗ್ನಸ್ ಎ ನಮ್ಮಿಂದ ಸುಮಾರು 76 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ಆಕಾಶದಲ್ಲಿ ಈ ತುದಿಯಿಂದ ಆ ತುದಿಗೆ ಎರಡು ಆರ್ಕ್‌ಮಿನಿಟ್ (ಒಂದು ಆರ್ಕ್‌ಮಿನಿಟ್ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಅಷ್ಟೇ, ಹುಣ್ಣಿಮೆ ಚಂದ್ರನ ಅಗಲದ ಹದಿನೈದನೇ ಒಂದು ಭಾಗ. ಅಷ್ಟು ದೂರದಲ್ಲಿ ಆ ಎರಡು ಆರ್ಕ್‌ಮಿನಿಟ್ ಅಂದರೆ 4 ಲಕ್ಷ ಜ್ಯೋತಿರ್ವರ್ಷಕ್ಕೂ ಜಾಸ್ತಿ. ನಮ್ಮ ಕ್ಷೀರಪಥದ ತಟ್ಟೆ ಸುಮಾರು 1 ಲಕ್ಷ ಜ್ಯೋತಿರ್ವರ್ಷ ಅಗಲ. ಹೋಲಿಸಿ ನೋಡಿ.

ಮೋಡ ಅಂತ ನೀವು ಕರೆದದ್ದನ್ನು ಲೋಬ್ ಅನ್ನುತ್ತಾರೆ. ಅದರಲ್ಲಿ ಇರುವುದು ಬೆಳಕಿನ ವೇಗಕ್ಕೆ ಹತ್ತಿರ ಹತ್ತಿರ ಓಡುವ ಎಲೆಕ್ಟ್ರಾನ್‌ಗಳು ಮತ್ತು ಕಾಂತಕ್ಷೇತ್ರ. ಎಲೆಕ್ಟ್ರಾನ್ ಕಾಂತಕ್ಷೇತ್ರದ ಸುತ್ತ ಸುರುಳಿ ಸುತ್ತುತ್ತಾ ಹೋಗುವಾಗ ರೇಡಿಯೋ ಅಲೆ ಹೊರಡಿಸುತ್ತದೆ. ಸಿಂಕ್ರೊಟ್ರಾನ್ ವಿಕಿರಣ ಅಂದರೆ ಇದೇ. ಇದು ಬಿಸಿಯಿಂದ ಬರುವ ಬೆಳಕಲ್ಲ ಅಂತ ಹೇಗೆ ಗೊತ್ತು ಅಂದರೆ, ಒಂದು, ಕಂಪನಾಂಕ ಕಡಿಮೆಯಾದಷ್ಟೂ ಸಿಗ್ನಲ್ ಜೋರಾಗುತ್ತಾ ಹೋಗುತ್ತದೆ, ಎರಡು, ಅಲೆಗಳು ಧ್ರುವೀಕರಣಗೊಂಡಿವೆ, ಅಂದರೆ ಬಹುಪಾಲು ಒಂದೇ ದಿಕ್ಕಿನಲ್ಲಿ ಕಂಪಿಸುತ್ತವೆ. ಬಿಸಿ ಅನಿಲದ ಬೆಳಕಿಗೆ ಈ ಎರಡೂ ಗುಣ ಇರುವುದಿಲ್ಲ. ನೀವು ನೋಡಿದ ಎಳೆಗಳು ಸಹ ಲೋಬ್ ಒಳಗೆ ಕಾಂತಕ್ಷೇತ್ರ ಒತ್ತಾಗಿರುವ ಕಡೆ ಹೊಳೆಯುತ್ತಿರುವುದು. 1984ರಲ್ಲಿ ರಿಕ್ ಪರ್ಲಿ ಮತ್ತು ಜೊತೆಗಾರರು ವಿಎಲ್‌ಎ ಚಿತ್ರ ಪ್ರಕಟಿಸಿದಾಗ ಎಲ್ಲರಿಗೂ ಅಚ್ಚರಿ ತಂದದ್ದು ಆ ಎಳೆಗಳು ಮತ್ತು ಆ ಗೆರೆ. ಅಲ್ಲಿಯವರೆಗೆ ಲೋಬ್ ಅಂದರೆ ನುಣ್ಣಗಿನ ಗುಳ್ಳೆ ಅಂತ ಬಹಳ ಜನ ಅಂದುಕೊಂಡಿದ್ದರು.

ಈಗ ಹೊರತುದಿಯ ಹೊಳೆಯುವ ಜಾಗಗಳನ್ನು ನೋಡಿ. ನಿಮ್ಮ ಸ್ನೇಹಿತರಿಗೆ ಉತ್ತರ ಇರುವುದು ಅಲ್ಲೇ. ಅವುಗಳನ್ನು ಹಾಟ್‌ಸ್ಪಾಟ್ ಅನ್ನುತ್ತಾರೆ. ಚಿತ್ರ ದೊಡ್ಡದು ಮಾಡಿದರೆ ಪ್ರತಿ ತುದಿಯಲ್ಲೂ ಒಂದಲ್ಲ, ಎರಡು ಕಾಣುತ್ತವೆ. ಪಶ್ಚಿಮದವಕ್ಕೆ (ಚಿತ್ರದ ಬಲಗಡೆ) ಎ, ಬಿ ಅಂತಲೂ ಪೂರ್ವದವಕ್ಕೆ (ಎಡಗಡೆ) ಡಿ, ಇ ಅಂತಲೂ ಹೆಸರು. ಪೈಪಿನಿಂದ ಜೋರಾಗಿ ಬರುವ ನೀರು ಗೋಡೆಗೆ ಬಡಿದು ಅಲ್ಲೇ ಹರಡಿ ಹಿಂದಕ್ಕೆ ಹರಿಯುತ್ತದಲ್ಲ, ಹಾಗೆ ಜೆಟ್ ಹೊರಗಿನ ಅನಿಲಕ್ಕೆ ಬಡಿದು ನಿಲ್ಲುವ ಜಾಗ ಅದು. ಬಡಿದ ಮೇಲೆ ಹಿಂದಕ್ಕೆ ಹರಿದು ತುಂಬಿಕೊಂಡದ್ದೇ ಲೋಬ್.

ಸಿಂಕ್ರೊಟ್ರಾನ್ ಬೆಳಕು ಕೊಡುವ ಎಲೆಕ್ಟ್ರಾನ್ ತನ್ನ ಶಕ್ತಿಯನ್ನೇ ಖರ್ಚು ಮಾಡುತ್ತಿರುತ್ತದೆ. ಕಾಂತಕ್ಷೇತ್ರ ಬಲವಾಗಿದ್ದಷ್ಟೂ, ಎಲೆಕ್ಟ್ರಾನ್ ಶಕ್ತಿ ಜಾಸ್ತಿ ಇದ್ದಷ್ಟೂ ಬೇಗ ಖಾಲಿ. ನಡುವಿನ ಚುಕ್ಕೆಯಿಂದ ಹಾಟ್‌ಸ್ಪಾಟ್‌ಗೆ ಸುಮಾರು 2 ಲಕ್ಷ ಜ್ಯೋತಿರ್ವರ್ಷ. ಬೆಳಕೇ ಹೋದರೂ 2 ಲಕ್ಷ ವರ್ಷ ಬೇಕು. ಹಾಟ್‌ಸ್ಪಾಟ್‌ನಲ್ಲಿ ಹೊಳೆಯುತ್ತಿರುವ ಹೆಚ್ಚು ಶಕ್ತಿಯ ಎಲೆಕ್ಟ್ರಾನ್‌ಗಳಿಗೆ ಅಷ್ಟು ಆಯಸ್ಸು ಇಲ್ಲ. ಹಾಗಾಗಿ ಅವು ಕೇಂದ್ರದಲ್ಲಿ ಒಮ್ಮೆ ಶಕ್ತಿ ಪಡೆದು ಇಲ್ಲಿಯವರೆಗೆ ಹೊತ್ತು ತಂದಿರಲು ಸಾಧ್ಯವಿಲ್ಲ. ಆ ತುದಿಯಲ್ಲೇ, ಈಗಲೇ ಅವುಗಳಿಗೆ ಶಕ್ತಿ ಸಿಗುತ್ತಿರಬೇಕು. 1974ರಲ್ಲಿ ಕೇಂಬ್ರಿಜ್‌ನ ಹಾರ್ಗ್ರೇವ್ ಮತ್ತು ಮಾರ್ಟಿನ್ ರೈಲ್ ತಮ್ಮ 5 ಕಿಲೋಮೀಟರ್ ಟೆಲಿಸ್ಕೋಪ್‌ನಿಂದ ಸಿಗ್ನಸ್ ಎ ನೋಡಿ ಹೇಳಿದ್ದು ಇದನ್ನೇ: ಶಕ್ತಿ ನಿರಂತರವಾಗಿ ಸರಬರಾಜು ಆಗುತ್ತಿದೆ. ಆಗ ಅವರಿಗೆ ಜೆಟ್ ಕಂಡಿರಲಿಲ್ಲ, ಅದನ್ನು ನೆನಪಿಡಿ. ಅದೇ ವರ್ಷ ಬ್ಲಾಂಡ್‌ಫರ್ಡ್ ಮತ್ತು ಮಾರ್ಟಿನ್ ರೀಸ್ ಎರಡು ಕಡೆ ಜೆಟ್ ಹರಿಯುವ ಮಾದರಿ ಕೊಟ್ಟರು. ಚಿತ್ರದಲ್ಲಿ ಆ ತೆಳು ಗೆರೆ ಕಾಣಿಸಿದ್ದು ಹತ್ತು ವರ್ಷ ಆದ ಮೇಲೆ.

ಸ್ಫೋಟದ ಉಳಿಕೆ ಆಗಿದ್ದರೆ ಹೊರತುದಿಯೇ ಎಲ್ಲಕ್ಕಿಂತ ಚೂಪಾಗಿ, ಪ್ರಕಾಶವಾಗಿ ಇರುವುದಕ್ಕೆ ಕಾರಣವೇ ಸಿಗುವುದಿಲ್ಲ.

ಚುಕ್ಕಿ_ನೋಡುಗ

ಅಲೆಯುದ್ದ ಅವರೇ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಧನ್ಯವಾದ. ಹಾಟ್‌ಸ್ಪಾಟ್ ವಾದ ಈಗ ಚೆನ್ನಾಗಿ ಹಿಡಿಸಿತು. ಚಿತ್ರವನ್ನು ಮತ್ತೆ ದೊಡ್ಡದು ಮಾಡಿ ನೋಡಿದೆ, ಬಲತುದಿಯಲ್ಲಿ ಎರಡು ಬೇರೆ ಬೇರೆ ಕಾಣುತ್ತಿವೆ.

ಎರಡು ವಿಷಯ ಉಳಿದವು. ಒಂದು, ಗೆರೆ ಒಂದೇ ಕಡೆ ಯಾಕೆ ಅಂತ. ಇನ್ನೊಂದು, ಕಪ್ಪುರಂಧ್ರ ಎಲ್ಲವನ್ನೂ ನುಂಗುತ್ತದೆ ಅಂತ ಓದಿದ್ದೇವೆ, ಅದು ಇಷ್ಟು ದೂರ ಎಸೆಯುವುದು ಹೇಗೆ?

ಗುರುತ್ವ_ಮಾರ್ಗ

ಎರಡಕ್ಕೂ ನಾನು ಪ್ರಯತ್ನಿಸುತ್ತೇನೆ.

ಗೆರೆ ಎರಡು ಕಡೆಯೂ ಇದೆ. ಎಡಗಡೆಯದು ತುಂಬಾ ಮಂಕಾಗಿದೆ ಅಷ್ಟೇ. ಚಿತ್ರದ ಮಂಕು ಭಾಗಗಳನ್ನು ಎತ್ತಿ ತೋರಿಸುವಂತೆ ಹೊಂದಿಸಿದರೆ ಎಡ ಲೋಬ್ ಒಳಗೂ ಅದರ ಸುಳಿವು ಕಾಣುತ್ತದೆ. ಕೇಂದ್ರದ ತೀರಾ ಹತ್ತಿರವನ್ನು ಬಹಳ ದೂರ ದೂರದ ರೇಡಿಯೋ ಟೆಲಿಸ್ಕೋಪ್‌ಗಳನ್ನು ಜೋಡಿಸಿ ನೋಡುವ ವಿಎಲ್‌ಬಿಐ ವಿಧಾನದಲ್ಲಿ ನೋಡಿದಾಗ ಎರಡೂ ದಿಕ್ಕಿಗೆ ಜೆಟ್ ಹೊರಡುವುದು ಸ್ಪಷ್ಟವಾಗಿ ಸಿಕ್ಕಿದೆ. ಬೆಳಕಿನ ವೇಗಕ್ಕೆ ಹತ್ತಿರದ ವೇಗದಲ್ಲಿ ಓಡುವ ವಸ್ತು ತನ್ನ ಬೆಳಕನ್ನು ಬಹುಪಾಲು ಮುಂದಕ್ಕೆ ಚೆಲ್ಲುತ್ತದೆ. ನಮ್ಮ ಕಡೆಗೆ ಸ್ವಲ್ಪವಾದರೂ ವಾಲಿರುವ ಜೆಟ್ ಹೊಳಪಾಗಿ ಕಾಣುತ್ತದೆ, ನಮ್ಮಿಂದ ಆಚೆಗೆ ಹೋಗುವುದು ಕಂದುತ್ತದೆ. ಸಿಗ್ನಸ್ ಎ ಜೆಟ್‌ಗಳು ನಮಗೆ ಹೆಚ್ಚು ಕಡಿಮೆ ಅಡ್ಡವಾಗಿ ಮಲಗಿವೆ, ಹಾಗಾಗಿ ವ್ಯತ್ಯಾಸ ಇದ್ದರೂ ಎಡಗಡೆಯದು ಪೂರ್ತಿ ಅಳಿಸಿ ಹೋಗಿಲ್ಲ. ಲೋಬ್‌ಗಳಲ್ಲಿ ಆ ಓಟ ನಿಂತಿರುತ್ತದೆ, ಅದಕ್ಕೇ ಅವೆರಡೂ ಹತ್ತಿರ ಹತ್ತಿರ ಒಂದೇ ಪ್ರಕಾಶದಲ್ಲಿವೆ. ಎಡ ಲೋಬ್‌ನ ತುದಿಯಲ್ಲೂ ಹಾಟ್‌ಸ್ಪಾಟ್ ಜೋರಾಗಿ ಹೊಳೆಯುತ್ತಿರುವಾಗ ಆ ಕಡೆಗೂ ಸರಬರಾಜು ಇದೆ ಅನ್ನುವುದರಲ್ಲಿ ಅನುಮಾನ ಉಳಿಯುವುದಿಲ್ಲ ಅಲ್ವಾ.

ಇನ್ನು ನುಂಗುವುದು, ಎಸೆಯುವುದು. ಕಪ್ಪುರಂಧ್ರದ ಒಳಗೆ ಹೋದದ್ದು ಹೊರಗೆ ಬರುವುದಿಲ್ಲ, ಅದು ಸರಿ. ಜೆಟ್‌ಗೆ ಬರುವುದು ಒಳಗೆ ಹೋಗದೆ ಹೊರಗೇ ಉಳಿದದ್ದು. ಬೀಳುವ ಅನಿಲ ನೇರವಾಗಿ ಬೀಳಲಾಗದೆ ಸುತ್ತುತ್ತಾ ತಟ್ಟೆಯಾಗುತ್ತದೆ. ತನ್ನ ಜೊತೆ ಕಾಂತಕ್ಷೇತ್ರವನ್ನೂ ಎಳೆದುಕೊಂಡು ಬರುತ್ತದೆ. ಕಪ್ಪುರಂಧ್ರ ತಿರುಗುತ್ತಿದ್ದರೆ ಆ ಕಾಂತಕ್ಷೇತ್ರದ ರೇಖೆಗಳನ್ನೂ ತಿರುಚುತ್ತದೆ. ತಿರುಚಿದ ರೇಖೆಗಳು ತಿರುಗುವ ಅಕ್ಷದ ಗುಂಟ ಎರಡೂ ಕಡೆ ಶಕ್ತಿಯನ್ನು ತಳ್ಳುತ್ತವೆ. ಅಂದರೆ ಕಪ್ಪುರಂಧ್ರದ ತಿರುಗುವಿಕೆಯಿಂದಲೇ ಶಕ್ತಿ ತೆಗೆಯಬಹುದು. 1977ರಲ್ಲಿ ಬ್ಲಾಂಡ್‌ಫರ್ಡ್ ಮತ್ತು ಜ್ನಾಯೆಕ್ ಈ ಲೆಕ್ಕ ಮಾಡಿದರು, ಇವತ್ತಿಗೂ ಜೆಟ್ ಬಗ್ಗೆ ಮಾತಾಡುವಾಗ ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ.

ಸಿಗ್ನಸ್ ಎ ಕಪ್ಪುರಂಧ್ರದ ತೂಕ ಸುಮಾರು 250 ಕೋಟಿ ಸೂರ್ಯರಷ್ಟು. ನಮ್ಮ ಕ್ಷೀರಪಥದ ನಡುವಿನದು ಸುಮಾರು 40 ಲಕ್ಷ ಸೂರ್ಯರಷ್ಟು. ಇಷ್ಟು ದೊಡ್ಡದು ಯಾಕೆ ಬೇಕು ಅಂದರೆ ಶಕ್ತಿಯ ಲೆಕ್ಕ ನೋಡಿ. 1950ರ ದಶಕದ ಕೊನೆಯಲ್ಲಿ ಜೆಫ್ರಿ ಬರ್ಬಿಜ್ ಇಂಥ ರೇಡಿಯೋ ಮೂಲಗಳ ಲೋಬ್‌ಗಳಲ್ಲಿ ಕನಿಷ್ಠ ಎಷ್ಟು ಶಕ್ತಿ ತುಂಬಿರಬೇಕು ಅಂತ ಲೆಕ್ಕ ಹಾಕಿದರು. ದೊಡ್ಡ ಮೂಲಗಳಿಗೆ ಬಂದ ಉತ್ತರ, ಲಕ್ಷಗಟ್ಟಲೆ ಸೂರ್ಯರನ್ನು ಒಂದು ಕಣವೂ ಉಳಿಯದಂತೆ ಪೂರ್ತಿ ಶಕ್ತಿಯಾಗಿ ಮಾರ್ಪಡಿಸಿದರೆ ಎಷ್ಟು ಬರುತ್ತದೋ ಅಷ್ಟು. ನಕ್ಷತ್ರದ ಒಳಗೆ ಹೈಡ್ರೋಜನ್ ಹೀಲಿಯಂ ಆಗುವಾಗ ಶಕ್ತಿಯಾಗುವುದು ದ್ರವ್ಯರಾಶಿಯ ಶೇ 0.7 ಮಾತ್ರ. ಕಪ್ಪುರಂಧ್ರದ ಸುತ್ತಿನ ತಟ್ಟೆಯಲ್ಲಿ ಸುಮಾರು ಶೇ 10ರಷ್ಟು ಸಿಗುತ್ತದೆ. ಕಪ್ಪುರಂಧ್ರವನ್ನು ಒಪ್ಪಿಕೊಳ್ಳಲು ಈ ಲೆಕ್ಕವೂ ಒಂದು ಬಲವಾದ ಕಾರಣ ಆಯಿತು.

ಇನ್ನೊಂದು ಮಾತು ಸೇರಿಸಬೇಕು. ಈ ಗ್ಯಾಲಕ್ಸಿಯ ಒಳಗೆ ಒಂದು ಕ್ವೇಸಾರ್, ಅಂದರೆ ಅನಿಲ ನುಂಗುವ ಕಪ್ಪುರಂಧ್ರದ ಸುತ್ತ ಅತಿ ಪ್ರಖರವಾಗಿ ಹೊಳೆಯುವ ಕೇಂದ್ರ, ಅಡಗಿದೆ. ಕೇಂದ್ರದ ಸುತ್ತ ದೂಳು ಮತ್ತು ಅನಿಲದ ಬಳೆಯಾಕಾರದ ದಪ್ಪ ಗೋಡೆ ಇದ್ದು ಅದು ನಮಗೆ ಅಡ್ಡ ನಿಂತಿದೆ, ಹಾಗಾಗಿ ಕ್ವೇಸಾರ್‌ನ ಪ್ರಖರ ಬೆಳಕು ನೇರವಾಗಿ ಕಾಣುವುದಿಲ್ಲ. ಆದರೆ ಬೇರೆ ಕಡೆ ಚದುರಿ ತಿರುಗಿ ಬಂದ ಬೆಳಕನ್ನು ಧ್ರುವೀಕರಣದಿಂದ ಬೇರ್ಪಡಿಸಿ ನೋಡಿದಾಗ ಕ್ವೇಸಾರ್‌ಗಳಲ್ಲಿ ಸಿಗುವಂಥ ಅಗಲವಾದ ರೋಹಿತ ರೇಖೆಗಳು (ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಾಣುವ ಗೆರೆಗಳು) ಸಿಕ್ಕಿವೆ. 2019ರಲ್ಲಿ ವಿಎಲ್‌ಎ ಆ ಬಳೆಯನ್ನೇ ನೇರವಾಗಿ ಚಿತ್ರಿಸಿತು, ಅದರ ತ್ರಿಜ್ಯ ಸುಮಾರು 900 ಜ್ಯೋತಿರ್ವರ್ಷ. ಜೆಟ್ ದಿಕ್ಕಿನಿಂದ ಇದನ್ನು ನೋಡುವವರು ಯಾರಾದರೂ ಇದ್ದರೆ ಅವರ ಪಟ್ಟಿಯಲ್ಲಿ ಇದು ರೇಡಿಯೋ ಗ್ಯಾಲಕ್ಸಿ ಅಲ್ಲ, ಕ್ವೇಸಾರ್ ಅಂತಲೇ ಇರುತ್ತದೆ.

ಹಳೇ_ಪುಟ

ಎಲ್ಲರೂ ಭೌತಶಾಸ್ತ್ರ ಚೆನ್ನಾಗಿ ಹೇಳಿದ್ದೀರಿ. ಇದು ಪತ್ತೆಯಾದ ಬಗೆಯನ್ನೂ ಸ್ವಲ್ಪ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ.

ಅಮೆರಿಕದ ವೀಟನ್ ಊರಿನಲ್ಲಿ ಗ್ರೋಟ್ ರೀಬರ್ 1937ರಲ್ಲಿ ಮನೆಯ ಹಿತ್ತಲಲ್ಲೇ 9 ಮೀಟರ್‌ಗೂ ಮೀರಿದ ಒಂದು ರೇಡಿಯೋ ತಟ್ಟೆ ಕಟ್ಟಿದರು. 1944ರಲ್ಲಿ ಅವರು ಪ್ರಕಟಿಸಿದ ಆಕಾಶದ ನಕ್ಷೆಯಲ್ಲಿ ರಾಜಹಂಸ (ಸಿಗ್ನಸ್) ನಕ್ಷತ್ರಪುಂಜದ ಕಡೆ ಒಂದು ಉಬ್ಬು ಇತ್ತು. 1946ರಲ್ಲಿ ಇಂಗ್ಲೆಂಡಿನ ಹೇ ಮತ್ತು ಜೊತೆಗಾರರು ಸೇನೆಯ ರಾಡಾರ್ ಉಪಕರಣಗಳಿಂದ ಅದೇ ದಿಕ್ಕನ್ನು ನೋಡಿದಾಗ ಸಿಗ್ನಲ್ ಮಿನುಗುತ್ತಿತ್ತು. ಮಿನುಗಿಸುತ್ತಿದ್ದದ್ದು ನಮ್ಮದೇ ವಾತಾವರಣದ ಮೇಲ್ಪದರವಾದ ಅಯಾನುಗೋಳ ಅಂತ ಆಮೇಲೆ ತಿಳಿಯಿತು. ಆದರೂ ಮಿನುಗಬೇಕಾದರೆ ಮೂಲ ಚಿಕ್ಕದಿರಬೇಕು, ಇಡೀ ಆಕಾಶಕ್ಕೆ ಹರಡಿಕೊಂಡ ಮಸುಕು ಇದಾಗಲಾರದು. ಆ ಸುಳಿವು ದೊಡ್ಡದು.

1951ರಲ್ಲಿ ಕೇಂಬ್ರಿಜ್‌ನ ಗ್ರಹಾಂ ಸ್ಮಿತ್ ಜಾಗವನ್ನು ಸುಮಾರು ಒಂದು ಆರ್ಕ್‌ಮಿನಿಟ್‌ನಷ್ಟು ನಿಖರವಾಗಿ ಅಳೆದುಕೊಟ್ಟರು. ಪಾಲೋಮಾರ್‌ನ 200 ಇಂಚಿನ ಟೆಲಿಸ್ಕೋಪ್‌ನಲ್ಲಿ ವಾಲ್ಟರ್ ಬಾಡೆ ಅಲ್ಲಿ ನೋಡಿದಾಗ ಸಿಕ್ಕಿದ್ದು ಎರಡು ತುಂಡಾದಂತೆ ಕಾಣುವ ಒಂದು ಮಂಕು ಗ್ಯಾಲಕ್ಸಿ. ಎರಡು ಗ್ಯಾಲಕ್ಸಿ ಡಿಕ್ಕಿ ಹೊಡೆಯುತ್ತಿವೆ ಅಂತ ಬಾಡೆ ನಂಬಿದರು, ರುಡಾಲ್ಫ್ ಮಿಂಕೋವ್‌ಸ್ಕಿ ನಂಬಲಿಲ್ಲ. ಇಬ್ಬರ ನಡುವೆ ಒಂದು ಬಾಟಲಿ ವಿಸ್ಕಿ ಬಾಜಿ ಆಯಿತು. ಮಿಂಕೋವ್‌ಸ್ಕಿ ರೋಹಿತ ತೆಗೆದಾಗ ಪ್ರಬಲವಾದ ಹೊರಸೂಸು ರೇಖೆಗಳು ಬಂದವು, ಡಿಕ್ಕಿ ಹೊಡೆಯುವ ಅನಿಲದಿಂದ ಅಂಥವು ಬರುತ್ತವೆ ಅಂತ ಆಗ ಅಂದುಕೊಂಡಿದ್ದರಿಂದ ಅವರು ಸೋಲೊಪ್ಪಿದರು. ರೋಹಿತದಿಂದ ಇನ್ನೂ ದೊಡ್ಡ ಸುದ್ದಿ ಸಿಕ್ಕಿತು. ರೆಡ್‌ಶಿಫ್ಟ್ (ಬೆಳಕು ಕೆಂಪಿನ ಕಡೆಗೆ ಎಷ್ಟು ಸರಿದಿದೆ ಅನ್ನುವ ಅಳತೆ) 0.056, ಅಂದರೆ ಸೆಕೆಂಡಿಗೆ ಸುಮಾರು 16,800 ಕಿಲೋಮೀಟರ್ ವೇಗದಲ್ಲಿ ದೂರ ಹೋಗುತ್ತಿದೆ, ವೇಗ ಹೆಚ್ಚಿದಷ್ಟೂ ಗ್ಯಾಲಕ್ಸಿ ದೂರ. ರೇಡಿಯೋ ಆಕಾಶದಲ್ಲಿ ಸೌರಮಂಡಲ ಬಿಟ್ಟರೆ ಎರಡನೇ ಅತಿ ಪ್ರಕಾಶದ ಮೂಲ ಅಷ್ಟು ದೂರದಲ್ಲಿದೆ! ಮೊದಲನೆಯದು ಕ್ಯಾಸಿಯೋಪಿಯಾ ಎ, ನಮ್ಮದೇ ಕ್ಷೀರಪಥದ ಸೂಪರ್‌ನೋವಾ ಅವಶೇಷ (ಸಿಡಿದ ನಕ್ಷತ್ರದ ಉಳಿಕೆ), ಸುಮಾರು 11 ಸಾವಿರ ಜ್ಯೋತಿರ್ವರ್ಷದಲ್ಲಿದೆ. ಸಿಗ್ನಸ್ ಎ ಅದಕ್ಕಿಂತ 70 ಸಾವಿರ ಪಟ್ಟು ದೂರದಲ್ಲಿದ್ದೂ ಹೆಚ್ಚು ಕಡಿಮೆ ಅದರ ಸಮಕ್ಕೆ ನಿಲ್ಲುತ್ತದೆ. ದೂರದ ವರ್ಗದ ಲೆಕ್ಕ ಹಾಕಿದರೆ ನಿಜವಾದ ಪ್ರಕಾಶ ನೂರಾರು ಕೋಟಿ ಪಟ್ಟು ಜಾಸ್ತಿ ಆಗಬೇಕು.

ಇಲ್ಲಿಯವರೆಗೂ ಎಲ್ಲರ ಊಹೆ ಒಂದೇ ಇತ್ತು: ರೇಡಿಯೋ ಬರುವುದು ಗ್ಯಾಲಕ್ಸಿಯಿಂದಲೇ. ಅದನ್ನು ಮುರಿದವರು ಇಂಗ್ಲೆಂಡಿನ ರೇಡಿಯೋ ವೀಕ್ಷಣಾಲಯ ಜೋಡ್ರೆಲ್ ಬ್ಯಾಂಕ್‌ನಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ಯುವಕರು, ರೋಜರ್ ಜೆನಿಸನ್ ಮತ್ತು ಮೃಣಾಲ್ ಕುಮಾರ್ ದಾಸ್‌ಗುಪ್ತ. ಎರಡು ಆಂಟೆನಾಗಳ ನಡುವಿನ ಅಂತರವನ್ನು ಕಿಲೋಮೀಟರ್‌ಗಟ್ಟಲೆ ಹೆಚ್ಚಿಸುತ್ತಾ, 125 ಮೆಗಾಹರ್ಟ್ಸ್‌ನಲ್ಲಿ ಎರಡರ ಸಿಗ್ನಲ್ ಎಷ್ಟು ಹೊಂದುತ್ತದೆ ಅಂತ ಅಳೆದರು. ಮೂಲ ಒಂದೇ ಉಂಡೆಯಾಗಿದ್ದರೆ ಅಂತರ ಹೆಚ್ಚಿದಂತೆ ಹೊಂದಿಕೆ ನಿಧಾನವಾಗಿ ಕಡಿಮೆಯಾಗಿ ಮುಗಿದು ಹೋಗಬೇಕು. ಆದರೆ ಅದು ಸೊನ್ನೆಯವರೆಗೆ ಇಳಿದು ಮತ್ತೆ ಏರಿತು. ಮತ್ತೆ ಏರಬೇಕಾದರೆ ಮೂಲಗಳು ಎರಡಿರಬೇಕು. ಗ್ಯಾಲಕ್ಸಿಯ ಆಚೆಗೊಂದು ಈಚೆಗೊಂದು, ಹತ್ತಿರ ಹತ್ತಿರ ಒಂದೇ ಪ್ರಕಾಶದ ಎರಡು ಮೂಲ ಅಂತ 1953ರಲ್ಲಿ ಪ್ರಕಟಿಸಿದರು. ಚಿತ್ರ ಇಲ್ಲ, ಬಣ್ಣ ಇಲ್ಲ, ಇಳಿದು ಏರುವ ಕೆಲವು ಅಂಕಿಗಳಿಂದಲೇ ಆ ಎರಡು ಮೋಡಗಳನ್ನು ಕಂಡರು. ವಿಎಲ್‌ಎ ಚಿತ್ರದಷ್ಟೇ ಗೌರವ ಈ ಅಳತೆಗೂ ಸಲ್ಲಬೇಕು ಅಂತ ನನ್ನ ಅಭಿಪ್ರಾಯ. ದಾಸ್‌ಗುಪ್ತ ಆಮೇಲೆ ಕಲ್ಕತ್ತ ವಿಶ್ವವಿದ್ಯಾಲಯಕ್ಕೆ ಮರಳಿ ಪಾಠ ಮಾಡಿದರು.

ನೀಲಿ_ರೋಹಿತ

ಹಳೇ ಪುಟ ಅವರೇ, ಬಾಜಿಯ ಕಥೆ ಹೇಳಿದ್ದೀರಿ, ಆದರೆ ಡಿಕ್ಕಿ ಹೊಡೆದದ್ದೇ ರೇಡಿಯೋ ಶಕ್ತಿಗೆ ಕಾರಣ ಅನ್ನುವ ವಾದ ಆಮೇಲೆ ಬಿದ್ದುಹೋಯಿತು ಅಂತಲೂ ಹೇಳಬೇಕಿತ್ತು. ಡಿಕ್ಕಿಯಿಂದ ಅಷ್ಟು ಶಕ್ತಿ ಹುಟ್ಟುವುದಿಲ್ಲ, ಅದೂ ಗ್ಯಾಲಕ್ಸಿಯ ಹೊರಗಡೆ ಎರಡು ಕಡೆ ಸಮವಾಗಿ. ಎರಡು ತುಂಡಿನಂತೆ ಕಂಡದ್ದು ಬಹುಮಟ್ಟಿಗೆ ದೂಳು ಅಡ್ಡ ಬಂದಿರುವುದರಿಂದ.

ಹಾಗಂತ ಬಾಡೆ ಹೇಳಿದ್ದನ್ನು ಪೂರ್ತಿ ಬದಿಗಿಡಲೂ ನನಗೆ ಮನಸ್ಸಿಲ್ಲ. ಸಿಗ್ನಸ್ ಎ ಒಂದು ಗ್ಯಾಲಕ್ಸಿ ಗುಂಪಿನ ನಡುವೆ ಇದೆ, ಆ ಗುಂಪು ಪಕ್ಕದ ಇನ್ನೊಂದು ಗುಂಪಿನ ಜೊತೆ ಸೇರುತ್ತಿದೆ. ಇನ್ನೂ ಕುತೂಹಲದ ಸಂಗತಿ, 2015ರಲ್ಲಿ ಪರ್ಲಿ ತಂಡ ನವೀಕರಿಸಿದ ವಿಎಲ್‌ಎಯಿಂದ ಮತ್ತೆ ನೋಡಿದಾಗ ಕೇಂದ್ರದಿಂದ ಸುಮಾರು 1,500 ಜ್ಯೋತಿರ್ವರ್ಷ ದೂರದಲ್ಲಿ ಒಂದು ಹೊಸ ಬಿಂದು ಹೊಳೆಯುತ್ತಿತ್ತು. 1990ರ ದಶಕದ ಚಿತ್ರಗಳಲ್ಲಿ ಅದು ಇರಲಿಲ್ಲ. 2017ರಲ್ಲಿ ಇದನ್ನು ಪ್ರಕಟಿಸಿದರು, ಸಿಗ್ನಸ್ ಎ-2 ಅಂತ ಕರೆಯುತ್ತಾರೆ. ಮಾಮೂಲಿ ಸೂಪರ್‌ನೋವಾಗಿಂತ ಎಷ್ಟೋ ಪ್ರಕಾಶ ಮತ್ತು ವರ್ಷಗಟ್ಟಲೆ ಉಳಿದಿದೆ. ಹಿಂದೆ ಯಾವಾಗಲೋ ಇದರೊಳಗೆ ಸೇರಿಹೋದ ಗ್ಯಾಲಕ್ಸಿಯ ಎರಡನೇ ದೊಡ್ಡ ಕಪ್ಪುರಂಧ್ರ ಅದು, ಈಗ ಅದಕ್ಕೆ ತಿನ್ನಲು ಏನೋ ಸಿಕ್ಕಿದೆ ಅನ್ನುವುದು ತಂಡ ಮುಂದಿಟ್ಟ ಮುಖ್ಯ ಊಹೆ. ಅದು ನಿಜವಾದರೆ ಬಾಡೆ ಹೇಳಿದ ಡಿಕ್ಕಿ ಬೇರೆ ರೂಪದಲ್ಲಿ ವಾಪಸ್ ಬಂದ ಹಾಗೆ.

ಎಕ್ಸ್‌ರೇ ಚಿತ್ರವನ್ನು ಯಾರೂ ಎತ್ತಲಿಲ್ಲ, ಅದನ್ನು ತಪ್ಪದೆ ನೋಡಿ. ಚಂದ್ರಾ ದೂರದರ್ಶಕದ ಚಿತ್ರದಲ್ಲಿ ಗುಂಪನ್ನೆಲ್ಲ ತುಂಬಿಕೊಂಡಿರುವ ಕೋಟಿಗಟ್ಟಲೆ ಡಿಗ್ರಿ ಬಿಸಿಯ ಅನಿಲ ಕಾಣುತ್ತದೆ. ರೇಡಿಯೋ ಲೋಬ್ ಇರುವ ಕಡೆ ಆ ಅನಿಲ ಪಕ್ಕಕ್ಕೆ ತಳ್ಳಲ್ಪಟ್ಟು ಉದ್ದನೆಯ ಮೊಟ್ಟೆಯಾಕಾರದ ಪೊಳ್ಳು ಆಗಿದೆ, ಅದರ ಅಂಚಿನಲ್ಲಿ ಒತ್ತಿದ ಅನಿಲ ಹೊಳೆಯುತ್ತದೆ. ಅಲೆಯುದ್ದ ಅವರು ಹೇಳಿದ ಗೋಡೆ ಇದೇ. ಇಂಥ ದಟ್ಟ ಅನಿಲ ಸುತ್ತ ಇರುವುದರಿಂದಲೇ ಲೋಬ್‌ಗಳು ಚದುರಿ ಮಂಕಾಗದೆ ಇಷ್ಟು ಜೋರಾಗಿ ಹೊಳೆಯುತ್ತವೆ. ಹಾಟ್‌ಸ್ಪಾಟ್‌ಗಳೂ ಎಕ್ಸ್‌ರೇನಲ್ಲಿ ಕಾಣುತ್ತವೆ. ರೇಡಿಯೋ ಪ್ರಕಾಶ ಮತ್ತು ಎಕ್ಸ್‌ರೇ ಪ್ರಕಾಶ ಎರಡನ್ನೂ ಹೋಲಿಸಿ ಅಲ್ಲಿನ ಕಾಂತಕ್ಷೇತ್ರ ಅಳೆದಿದ್ದಾರೆ. ಒಂದು ಗಾಸ್‌ನ ಹತ್ತು ಸಾವಿರದ ಒಂದೆರಡು ಭಾಗ ಅಂತ ಬಂದಿದೆ. ಭೂಮಿಯ ಕಾಂತಕ್ಷೇತ್ರಕ್ಕಿಂತ ಸಾವಿರ ಪಟ್ಟಿಗೂ ಮೀರಿ ದುರ್ಬಲ. ಅಷ್ಟು ದುರ್ಬಲ ಕ್ಷೇತ್ರದಿಂದ ಇಷ್ಟು ಪ್ರಕಾಶ, ಯಾಕೆಂದರೆ ಜಾಗ ಅಷ್ಟು ವಿಶಾಲ.

ಎರಡು_ಆಂಟೆನಾ

ಇದನ್ನು ಸ್ವಂತ ಉಪಕರಣದಿಂದ ಹಿಡಿಯಬಹುದು ಅಂತ ಯಾರಾದರೂ ಹೇಳಲಿ ಅಂತ ಕಾಯುತ್ತಿದ್ದೆ. ಕಣ್ಣಿಗೆ ಈ ಗ್ಯಾಲಕ್ಸಿ ಕಾಣುವ ಮಾತೇ ಇಲ್ಲ, ಆದರೆ ರೇಡಿಯೋದಲ್ಲಿ ಹವ್ಯಾಸಿಗಳು ಹಿಡಿಯುತ್ತಾರೆ.

ಒಂದೇ ಆಂಟೆನಾ ಇಟ್ಟುಕೊಂಡರೆ ಕಷ್ಟ. ಆ ದಿಕ್ಕಿನಲ್ಲಿ ಕ್ಷೀರಪಥವೇ ಹಾದುಹೋಗುತ್ತದೆ, ಪಕ್ಕದಲ್ಲಿ ಸಿಗ್ನಸ್ ಎಕ್ಸ್ ಅನ್ನುವ ಹರಡಿಕೊಂಡ ರೇಡಿಯೋ ಪ್ರದೇಶ ಬೇರೆ ಇದೆ. ಎಲ್ಲ ಸೇರಿ ಒಂದು ಅಗಲವಾದ ಉಬ್ಬು ಬರುತ್ತದೆ, ಯಾವುದು ಯಾರದು ಅಂತ ತಿಳಿಯುವುದಿಲ್ಲ. ಎರಡು ಯಾಗಿ ಆಂಟೆನಾಗಳನ್ನು (ಹಳೆಯ ಟಿವಿ ಆಂಟೆನಾದಂಥವು) ಪೂರ್ವ ಪಶ್ಚಿಮವಾಗಿ ದೂರ ಇಟ್ಟು ಎರಡರ ಸಿಗ್ನಲ್ ಕೂಡಿಸಿ. ಆಗ ಹರಡಿಕೊಂಡದ್ದರ ಏರಿಳಿತ ಬಹುಪಾಲು ಅಳಿಸಿಹೋಗುತ್ತದೆ, ಚಿಕ್ಕ ಮೂಲ ಮಾತ್ರ ಏರಿಳಿತವಾಗಿ ಉಳಿಯುತ್ತದೆ. ಉದಾಹರಣೆಗೆ 408 ಮೆಗಾಹರ್ಟ್ಸ್‌ನಲ್ಲಿ ಅಲೆಯುದ್ದ ಸುಮಾರು 73 ಸೆಂಟಿಮೀಟರ್. ಆಂಟೆನಾಗಳ ನಡುವೆ 20 ಮೀಟರ್ ಇದ್ದರೆ ಒಂದು ಏರಿಳಿತ ಆಕಾಶದಲ್ಲಿ ಎರಡು ಡಿಗ್ರಿ ಚಿಲ್ಲರೆ. ಸಿಗ್ನಸ್ ಎ ಸುಮಾರು 40.7 ಡಿಗ್ರಿ ಉತ್ತರದಲ್ಲಿ ಇರುವುದರಿಂದ ಅದು ನೆತ್ತಿಯ ರೇಖೆ ದಾಟುವಾಗ ಒಂದೊಂದು ಏರಿಳಿತಕ್ಕೆ ಹೆಚ್ಚು ಕಡಿಮೆ 11 ನಿಮಿಷ ಬರಬೇಕು. ನಿಮ್ಮ ಗ್ರಾಫ್‌ನಲ್ಲಿ ಅದೇ ಅವಧಿ ಬಂದು, ದಿನಕ್ಕೆ ನಾಲ್ಕು ನಿಮಿಷ ಮುಂಚೆ ಬರುತ್ತಾ ಹೋದರೆ ಅದು ಆಕಾಶದ್ದೇ. ಅಕ್ಕಪಕ್ಕದ ಯಂತ್ರಗಳ ಗದ್ದಲ ಹಾಗೆ ನಕ್ಷತ್ರಗಳ ಸಮಯ ಪಾಲಿಸುವುದಿಲ್ಲ.

ಇಷ್ಟರಲ್ಲಿ ಎರಡು ಲೋಬ್ ಬೇರೆಯಾಗಿ ಕಾಣುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಜೆನಿಸನ್ ಮತ್ತು ದಾಸ್‌ಗುಪ್ತ ಬಳಸಿದ ಅಲೆಯುದ್ದ 2.4 ಮೀಟರ್, ಆ ಇಳಿದು ಏರುವುದು ಸಿಗಲು ಅವರಿಗೆ ಕಿಲೋಮೀಟರ್‌ಗಳ ಅಂತರ ಬೇಕಾಯಿತು ಅನ್ನುವುದು ಇದಕ್ಕೇ.

ಚುಕ್ಕಿ_ನೋಡುಗ

ಎಲ್ಲರಿಗೂ ಮನಸಾರೆ ಧನ್ಯವಾದ. ಸ್ನೇಹಿತನಿಗೆ ಈ ಚರ್ಚೆಯನ್ನೇ ಕಳಿಸಿದೆ. ಹಾಟ್‌ಸ್ಪಾಟ್ ವಿಷಯ ಒಪ್ಪಿದ, ಆದರೆ ತಿರುಗಿ ಒಂದು ಪ್ರಶ್ನೆ ಹಾಕಿದ್ದಾನೆ: ಹಾಗಾದರೆ ಇದು ಎಷ್ಟು ಕಾಲದಿಂದ ನಡೆಯುತ್ತಿದೆ, ಮತ್ತು ನಿಂತುಹೋದರೆ ನಮಗೆ ಹೇಗೆ ಗೊತ್ತಾಗುತ್ತದೆ?

ಅಲೆಯುದ್ದ

ನಿಮ್ಮ ಸ್ನೇಹಿತರನ್ನು ಇಲ್ಲಿಗೇ ಕರೆದುಕೊಂಡು ಬನ್ನಿ, ಸರಿಯಾದ ಜಾಗಕ್ಕೆ ಕೈ ಹಾಕಿದ್ದಾರೆ.

ವಯಸ್ಸು ತಿಳಿಯುವುದು ಎಲೆಕ್ಟ್ರಾನ್‌ಗಳ ಸುಸ್ತಿನಿಂದಲೇ. ಹೆಚ್ಚು ಶಕ್ತಿಯವು ಮೊದಲು ಖಾಲಿಯಾಗುತ್ತವೆ, ಹಾಗಾಗಿ ಹಳೆಯ ಭಾಗದಲ್ಲಿ ಹೆಚ್ಚಿನ ಕಂಪನಾಂಕದ ಸಿಗ್ನಲ್ ಬೇಗ ಕುಸಿಯುತ್ತದೆ. ಸಿಗ್ನಸ್ ಎ ಲೋಬ್‌ಗಳನ್ನು ಬೇರೆ ಬೇರೆ ಕಂಪನಾಂಕದಲ್ಲಿ ನೋಡಿದರೆ ಹಾಟ್‌ಸ್ಪಾಟ್ ಹತ್ತಿರ ತಾಜಾ, ಗ್ಯಾಲಕ್ಸಿ ಕಡೆಗೆ ಬಂದಂತೆ ಹಳತು. ಜೆಟ್ ಹೊರಟದ್ದು ಗ್ಯಾಲಕ್ಸಿಯಿಂದ, ಆದರೂ ಲೋಬ್‌ನ ಅತಿ ಹಳೆಯ ಭಾಗ ಇರುವುದು ಗ್ಯಾಲಕ್ಸಿಯ ಪಕ್ಕದಲ್ಲೇ. ತುದಿಯಲ್ಲಿ ಬಡಿದು ಹಿಂದಕ್ಕೆ ಹರಿಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ? ಈ ವಿಧಾನದಲ್ಲಿ ಕೆಲವು ದಶಲಕ್ಷ ವರ್ಷ ಅಂತ ಬರುತ್ತದೆ, ಎಕ್ಸ್‌ರೇನಲ್ಲಿ ಕಾಣುವ ಒತ್ತಿದ ಅನಿಲದಿಂದ ಲೆಕ್ಕ ಹಾಕಿದರೆ ಅದಕ್ಕಿಂತ ಜಾಸ್ತಿ, ಒಂದೆರಡು ಕೋಟಿ ವರ್ಷದವರೆಗೂ. ನಡುವಿನ ಅಂಕಿ ಒಂದು ಕೋಟಿ ಅಂತ ಇಟ್ಟುಕೊಳ್ಳಿ. 2 ಲಕ್ಷ ಜ್ಯೋತಿರ್ವರ್ಷ ಸಾಗಲು ಒಂದು ಕೋಟಿ ವರ್ಷ ಅಂದರೆ ತುದಿ ಸರಾಸರಿ ಬೆಳಕಿನ ವೇಗದ ಶೇ 2ರಲ್ಲಿ ಮುಂದೆ ಹೋಗಿದೆ. ಜೆಟ್ ಒಳಗೆ ಹರಿವು ಎಷ್ಟೇ ಜೋರಿದ್ದರೂ ತುದಿ ಅನಿಲವನ್ನು ತಳ್ಳಿಕೊಂಡು ನಿಧಾನವಾಗಿ ಸಾಗುತ್ತದೆ.

ನಿಂತರೆ ಮೊದಲು ಮಂಕಾಗುವುದು ನಡುವಿನ ಚುಕ್ಕೆ. ಹಾಟ್‌ಸ್ಪಾಟ್‌ಗಳಿಗೆ ಆ ಸುದ್ದಿ ತಲುಪುವುದಕ್ಕೇ ಕನಿಷ್ಠ 2 ಲಕ್ಷ ವರ್ಷ. ಅಲ್ಲಿಯವರೆಗೆ ದಾರಿಯಲ್ಲಿರುವ ಜೆಟ್ ಬಂದು ಬಡಿಯುತ್ತಲೇ ಇರುತ್ತದೆ. ಆಮೇಲೆ ಹಾಟ್‌ಸ್ಪಾಟ್ ಆರುತ್ತದೆ, ಲೋಬ್‌ಗಳು ಉಬ್ಬುತ್ತಾ ಕಡಿಮೆ ಕಂಪನಾಂಕದಲ್ಲಿ ಮಾತ್ರ ಉಳಿಯುತ್ತವೆ. ಈ ಸ್ಥಿತಿಯ ಗ್ಯಾಲಕ್ಸಿಗಳು ಸಿಕ್ಕಿವೆ. ಕೆಲವು ಕಡೆ ನಿಂತು ಮತ್ತೆ ಶುರುವಾಗಿ, ಹಳೆಯ ಲೋಬ್ ಜೋಡಿಯ ಒಳಗೆ ಅದೇ ನೇರದಲ್ಲಿ ಹೊಸ ಜೋಡಿ ಬೆಳೆಯುತ್ತಿರುವುದೂ ಕಂಡಿದೆ. ಸಿಗ್ನಸ್ ಎಯಲ್ಲಿ ಚುಕ್ಕೆ, ಗೆರೆ, ಹಾಟ್‌ಸ್ಪಾಟ್ ಮೂರೂ ಒಟ್ಟಿಗೆ ಇವೆ. ಹಾಗಾಗಿ ಸದ್ಯಕ್ಕೆ ನಿಂತಿಲ್ಲ ಅಂತ ಸ್ನೇಹಿತರಿಗೆ ಹೇಳಿ. ಸದ್ಯ ಅಂದರೆ 76 ಕೋಟಿ ಜ್ಯೋತಿರ್ವರ್ಷ ದಾಟಿ ಬಂದ ಸುದ್ದಿಯ ಮಟ್ಟಿಗೆ.